ಖಂಡೆ ನವಮಿಗೆ ಎಂಟು ದಿನ ಮೊದಲು

ಶನಿವಾರಸಂತೆ, ಕೊಡಗು
16-8-2004

ತೀರ್ಥರೂಪ ವೆಂಕಟೇಶ ಕಾಕಾ ಅವರಿಗೆ ಪ್ರಮಿತಾ ಮಾಡುವ ನಮಸ್ಕಾರಗಳು.

ಫೋನು ಮಾಡಿದರೆ ನೀವು "ಜೋರಲೆ ಹೇಳವಾ, ಕೇಳಸವಲ್ದು" ಅನ್ನುತ್ತೀರಿ. ನಾನು ಜೋರಾಗಿ ಹೇಳಿದರೆ ಇಲ್ಲಿಯ ಪೇಟೆಗೆಲ್ಲ ಕೇಳುತ್ತದೆ, ನಿಮಗೊಬ್ಬರಿಗೆ ಬಿಟ್ಟು. ಅದಕ್ಕೇ ಈ ಕಾಗದ.

ನಮ್ಮ "ನೆರಳು ಕಾಫಿ" ಕಂಪನಿಗೆ ಈಗ ಮೂರು ವರ್ಷ. ಕಾಫಿಯ ಬೆಲೆ ನೆಲಕಚ್ಚಿದಾಗ ಮೂವತ್ತನಾಲ್ಕು ಮಂದಿ ಸಣ್ಣ ಬೆಳೆಗಾರರನ್ನು ಕೂಡಿಸಿ ಶುರು ಮಾಡಿದ್ದು ನಿಮಗೆ ಗೊತ್ತು. ನೆರಳಿನ ಮರ ಕಡಿಯುವುದಿಲ್ಲ, ಕಳೆಗೆ ವಿಷ ಹೊಡೆಯುವುದಿಲ್ಲ, ಹಣ್ಣು ತೊಳೆದ ನೀರನ್ನು ಹೊಳೆಗೆ ಬಿಡುವುದಿಲ್ಲ, ಕೊಯ್ಯುವವರಿಗೆ ಕೂಲಿ ಕಡಿಮೆ ಕೊಡುವುದಿಲ್ಲ. ಈಗ ಜರ್ಮನಿಯ ವ್ಯಾಪಾರಿಯೊಬ್ಬರು ಐದು ವರ್ಷ ನಮ್ಮ ಕಾಫಿಯನ್ನೆಲ್ಲ ಒಳ್ಳೆಯ ಬೆಲೆಗೆ ಕೊಳ್ಳಲು ಒಪ್ಪಿದ್ದಾರೆ. ಆದರೆ ದೇವರು ಕೊಟ್ಟರೂ ಪೂಜಾರಿ ಕೊಡಬೇಕಲ್ಲ? ಚೀಲದ ಮೇಲೆ ನ್ಯಾಯ ವ್ಯಾಪಾರದ ಮುದ್ರೆ ಇರಬೇಕಂತೆ. ಮುದ್ರೆ ಕೊಡುವವರು ಜನವರಿಯಲ್ಲಿ ತಪಾಸಣೆಗೆ ಬರುತ್ತಾರೆ. ಅದು ಸಿಗದಿದ್ದರೆ ಈ ಮೂವತ್ತನಾಲ್ಕು ಮನೆಯವರು ಮತ್ತೆ ದಲ್ಲಾಳಿಗಳ ಬಾಗಿಲಿಗೆ ಹೋಗಬೇಕು.

ಅವರ ಮೊದಲ ಷರತ್ತು, ಒಣಗುವಾಗ ಕಾಫಿ ಮಣ್ಣು ಮುಟ್ಟಬಾರದು. ಒಂದು ಒಳ್ಳೆಯ ಕಣ ಬೇಕು. ಎಲ್ಲರೂ ಸಿಮೆಂಟು ಹಾಕಿ ಅನ್ನುತ್ತಾರೆ. ಸಿಮೆಂಟಿನ ಧೂಳು ಎಂಥದೆಂದು ಕಾರ್ಖಾನೆಯ ಪಕ್ಕದಲ್ಲಿರುವ ವಾಡಿಯವರಿಗೆ ನಾನು ಹೇಳಬೇಕೆ? ನಮ್ಮ ಕಡೆಯ ಶಹಾಬಾದ್ ಫರ್ಸಿ ಭೂಮಿ ತಾನಾಗಿ ಪದರ ಪದರವಾಗಿ ಕೊಟ್ಟ ಕಲ್ಲು. ಎರಡಡಿ ಚೌಕದ ಆರುನೂರು ಫರ್ಸಿ ದೀಪಾವಳಿಯೊಳಗೆ ಕಳಿಸಿಕೊಡಬಲ್ಲಿರಾ? ಚೌಕಾಸಿ ಮಾಡಬೇಡಿ. ನಮ್ಮದು ನ್ಯಾಯದ ಬೆಲೆಯ ಕಂಪನಿ.

ನಿಮ್ಮ ಮಗಳಂಥ
ಪ್ರಮಿತಾ

~

ವಾಡಿ
27-8-2004

ಚಿ. ಪ್ರಮಿತಾಳಿಗೆ ಕಾಕಾ ವೆಂಕಟೇಶನ ಆಶೀರ್ವಾದಗಳು. ಸನ್ನತಿ ಚಂದ್ರಲಾಂಬೆಯ ಕೃಪೆಯಿಂದ ಇಲ್ಲಿ ನಾವು ಕ್ಷೇಮ.

ಹಿತ್ತಲ ಗಿಡ ಮದ್ದಲ್ಲ ಅನ್ನುವ ಈ ಕಾಲದಲ್ಲಿ ನಮ್ಮ ಕಲ್ಲು ನಿನಗೆ ನೆನಪಾಯಿತಲ್ಲ, ಸಂತೋಷ. ಆದರೆ ಆರುನೂರು ಫರ್ಸಿ ಹೊತ್ತ ಲಾರಿ ಇಲ್ಲಿಂದ ಕೊಡಗಿನವರೆಗೆ ಹೊಗೆ ಉಗುಳುತ್ತ ಬರುವುದನ್ನು ನಿನ್ನ ಪರಿಸರದ ಲೆಕ್ಕದಲ್ಲಿ ಯಾವ ಕಡೆ ಬರೆಯುತ್ತೀ? ಗಣಿತದ ಮಾಸ್ತರ ಕೇಳುವ ಪ್ರಶ್ನೆ, ಸಿಟ್ಟಾಗಬೇಡ.

ನನ್ನ ಹಳೆಯ ವಿದ್ಯಾರ್ಥಿ ಅಂಬರಾಯ ಈಗ ಖಣಿ ನಡೆಸುತ್ತಾನೆ. ಲೆಕ್ಕದಲ್ಲಿ ಎರಡು ಸಲ ನಪಾಸಾದವನು, ಈಗ ಅವನ ಲೆಕ್ಕ ನನಗೆ ತಿಳಿಯುವುದಿಲ್ಲ. ನಿನ್ನೆ ಅವನ ಜೊತೆ ಖಣಿಗೆ ಹೋಗಿ ಬಂದೆ. ಕಲ್ಲು ಎಬ್ಬಿಸುವವನು ಖಂಡೆಪ್ಪ, ಅವನ ಹೆಂಡತಿ ಭೀಮಬಾಯಿ ಅಂಚು ಕೆತ್ತುತ್ತಾಳೆ. ಖಂಡೆಪ್ಪ ಹಾರೆಯಿಂದ ಒಮ್ಮೆ ಕುಟ್ಟಿ ಸದ್ದು ಕೇಳಿದರೆ ಸಾಕು, ಕೆಳಗಿನ ಪದರ ಗಟ್ಟಿಯೋ ಪೊಳ್ಳೋ ಹೇಳುತ್ತಾನಂತೆ. ನನಗೆ ಫೋನೇ ಕೇಳುವುದಿಲ್ಲ.

ಒಂದೇ ತೊಡಕು. ಮಳೆಗಾಲದಲ್ಲಿ ಖಣಿ ಅಂದರೆ ನೀರು ತುಂಬಿದ ಬಾವಿ. ನೀರು ಇಳಿದರೂ ಖಂಡೆ ನವಮಿಯ ದಿನ ಹಾರೆ, ಸುತ್ತಿಗೆಗಳಿಗೆ ಪೂಜೆ ಮಾಡಿ ಕಾಯಿ ಒಡೆಯುವ ತನಕ ಯಾರೂ ಕೆಳಗಿಳಿಯುವುದಿಲ್ಲ. ಯಾಕಪ್ಪಾ ಎಂದು ಕೇಳಿದೆ. "ನಮ್ಮ ಮುತ್ಯಾನ ಕಾಲದಿಂದ ಹಿಂಗ ನಡದದ್ರಿ ಮಾಸ್ತರ್ರ. ನವಮಿ ಆಗಲಾರ್ದ ಹಾರಿ ಮುಟ್ಟಲ್ರಿ" ಅಂದ. ಕಾರಣ ಅವನಿಗೂ ಗೊತ್ತಿಲ್ಲ. ಈ ವರ್ಷ ನವಮಿ ಅಕ್ಟೋಬರ್ ಇಪ್ಪತ್ತೆರಡಕ್ಕೆ. ಅಲ್ಲಿಯವರೆಗೆ ಕಾಯುತ್ತೀಯಾ?

ಕಾಕಾ

~

ಶನಿವಾರಸಂತೆ
6-9-2004

ತೀರ್ಥರೂಪ ಕಾಕಾ ಅವರಿಗೆ ನಮಸ್ಕಾರಗಳು.

ಲಾರಿಯ ಹೊಗೆಗೆ ಉತ್ತರ ಹುಡುಕುತ್ತಿದ್ದೇನೆ, ಸಿಕ್ಕಿಲ್ಲ. ಕಾಯುವ ಮಾತಿಗೆ ಮಾತ್ರ ಉತ್ತರವಿದೆ, ಆಗುವುದಿಲ್ಲ. ಇಪ್ಪತ್ತೆರಡಕ್ಕೆ ಶುರು ಮಾಡಿದರೆ ಕಲ್ಲು ಎಬ್ಬಿಸಿ ಕೆತ್ತಲು ಮೂರು ವಾರ, ಬರಲು ನಾಲ್ಕು ದಿನ, ಹಾಸಲು ಮತ್ತೆ ಮೂರು ವಾರ. ಅಷ್ಟರಲ್ಲಿ ಗಿಡದ ಹಣ್ಣು ಕೆಂಪಾಗಿ ಉದುರಿರುತ್ತದೆ.

ನವಮಿಯವರೆಗೆ ಕಾಯದೆ ಈಗಲೇ ಇಳಿಯಲು ಹೇಳಿ. ಇದು ಕಂಪನಿಯ ವಿನಂತಿ, ಅದಕ್ಕೇ ಕಂಪನಿಯ ಕಾಗದದಲ್ಲೇ ಬರೆಯುತ್ತಿದ್ದೇನೆ. ಆ ದಿನಗಳಿಗೆ ಒಂದೂವರೆ ಕೂಲಿ ಕೊಡೋಣ, ಅದು ಅಂಬರಾಯನ ಕೈಗಲ್ಲ, ಕೆಲಸದವರ ಕೈಗೇ ಹೋಗಬೇಕು. ಪೂಜೆಯ ಖರ್ಚೂ ನಮ್ಮದೇ. ಕೆಲಸ ಮೊದಲಾಗಿ ಪೂಜೆ ಆಮೇಲಾದರೆ ಹಾರೆ ಏನೂ ಮುನಿಸಿಕೊಳ್ಳುವುದಿಲ್ಲ. ಚಿತ್ತಾಪುರದ ಶಾಲೆಯಲ್ಲಿ ಗ್ರಹಣದ ದಿನ ನಮಗೆಲ್ಲ ಅವಲಕ್ಕಿ ತಿನ್ನಿಸಿ, "ಕಾರಣ ಇಲ್ಲದ್ದನ್ನ ನಂಬಬ್ಯಾಡ್ರಿ" ಅಂದವರು ನೀವು. ಅವರಿಗೂ ತಿಳಿಸಿ ಹೇಳಿ.

ಪ್ರಮಿತಾ

~

ವಾಡಿ
29-9-2004

ಚಿ. ಪ್ರಮಿತಾಳಿಗೆ ಆಶೀರ್ವಾದಗಳು. ಚಂದ್ರಲಾಂಬೆಯ ಕೃಪೆಯಿಂದ ಕ್ಷೇಮ.

ಆತುರಗಾರರಿಗೆ ಬುದ್ಧಿ ಮಟ್ಟ ಅನ್ನುತ್ತಾರೆ, ಆದರೆ ಈ ಸಲ ಆತುರಗಾರಳೇ ಗೆದ್ದಳು. ನಿನ್ನೆ ಖಣಿಯ ಕೆಲಸ ಶುರುವಾಯಿತು.

ನಿನ್ನ ಕಾಗದವನ್ನು ಖಂಡೆಪ್ಪ ಮತ್ತವನ ನಾಲ್ಕು ಜನಕ್ಕೆ ಅಲ್ಲೇ ನಿಂತು ಓದಿ ಹೇಳಿದೆ. ಒಂದೂವರೆ ಕೂಲಿ ಅಂದಾಗ ಅಂಬರಾಯನ ಮುಖ ನೋಡಬೇಕಿತ್ತು. ಭೀಮಬಾಯಿ ಮಾತ್ರ ಒಪ್ಪಲಿಲ್ಲ. "ಇಷ್ಟು ದಿನ ತಡದೀವ್ರಿ, ಇನ್ನೊಂದೀಟು ತಡದ್ರ ಏನಾಗ್ತದ? ದಂಡಿ ಮಣ್ಣು ಇನ್ನಾ ಹಸೀ ಅದ" ಅಂದಳು. ನಾನು ಗ್ರಹಣದ ಅವಲಕ್ಕಿಯ ಕಥೆ ಹೇಳಿದೆ. ಎಲ್ಲರೂ ನಕ್ಕರು, ಅವಳು ನಗಲಿಲ್ಲ.

ಖಂಡೆಪ್ಪ ಎರಡು ದಿನ ವಿಚಾರ ಮಾಡಿ ನಮ್ಮ ಮನೆಗೇ ಬಂದ. ಕಟ್ಟೆಯ ಮೇಲೆ ಕುಳಿತು ಅವನು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: "ಇಪ್ಪತ್ತು ವರ್ಷ ಆಯ್ತ್ರಿ ಕಲ್ಲು ಎಬ್ಬಸಾಕತ್ತು. ನಿಮಗ ಕೂಲಿ ಎಷ್ಟು ಸಿಗ್ತದ ಅಂತ ಒಬ್ರೂ ಕೇಳಿಲ್ರಿ. ಅಕ್ಕೋರು ಅಷ್ಟು ದೂರ ಕುಂತು ಕೇಳ್ಯಾರ. ಇಳೀತೀವಿ ಅಂತ ಬರೀರಿ." ನನಗೆ ನಿನ್ನ ಬಗ್ಗೆ ಭಾಳ ಅಭಿಮಾನ ಅನ್ನಿಸಿತು. ನನ್ನ ಬಗ್ಗೆಯೂ ಸ್ವಲ್ಪ.

ಕಾಕಾ

~

ಶನಿವಾರಸಂತೆ
26-10-2004

ತೀರ್ಥರೂಪ ಕಾಕಾ ಅವರಿಗೆ ನಮಸ್ಕಾರಗಳು.

ಹನ್ನೊಂದನೆಯ ತಾರೀಖಿಗೆ ಬರೆದ ಕಾಗದಕ್ಕೆ ನಿಮ್ಮ ಉತ್ತರ ಬರಲಿಲ್ಲ. ಫೋನು ಮಾಡಿದರೆ ಯಾರೂ ಎತ್ತುತ್ತಿಲ್ಲ. ಹಬ್ಬಕ್ಕೆ ಸನ್ನತಿಗೆ ಹೋಗಿದ್ದೀರೇನೋ ಅಂದುಕೊಂಡಿದ್ದೇನೆ. ಖಂಡೆಪ್ಪನವರಿಗೆ ಒಂದು ಡಬ್ಬಿ ಕಾಫಿಪುಡಿ ಪಾರ್ಸೆಲ್ ಮಾಡಿದ್ದೇನೆ. ಅವರ ಆ ಮಾತನ್ನು ನಮ್ಮ ಸಭೆಯಲ್ಲಿ ಓದಿ ಹೇಳಿದೆ. ಜಾನಬಿ ಎಂಬ ನಮ್ಮ ಬೆಳೆಗಾರ್ತಿ ಕಣ್ಣೊರೆಸಿಕೊಂಡಳು. ಗಂಡ ತೀರಿದ ಮೇಲೆ ಒಂದೂವರೆ ಎಕರೆ ತೋಟವನ್ನು ಒಬ್ಬಳೇ ನಡೆಸುವವಳು.

ಕಲ್ಲು ಎಲ್ಲಿಯವರೆಗೆ ಬಂತು? ಒಂದು ಕಾರ್ಡು ಹಾಕಿದರೂ ಸಾಕು.

ಪ್ರಮಿತಾ

~

ವಾಡಿ
8-11-2004

ಚಿ. ಪ್ರಮಿತಾಳಿಗೆ.

ಕಲ್ಲು ನಿನ್ನೆ ಲಾರಿಗೆ ಹೇರಿಸಿದ್ದೇನೆ. ಐದುನೂರಾ ಅರವತ್ತು ಇವೆ. ನಲವತ್ತು ಕಡಿಮೆ. ಇನ್ನು ಕೇಳಬೇಡ, ಅವು ಸಿಗುವುದಿಲ್ಲ. ನನಗೆ ಮೈಯಲ್ಲಿ ಅಷ್ಟು ಹುಷಾರಿಲ್ಲ.

ವೆಂಕಟೇಶ

~

ಶನಿವಾರಸಂತೆ
13-12-2004

ತೀರ್ಥರೂಪ ಕಾಕಾ ಅವರಿಗೆ ನಮಸ್ಕಾರಗಳು.

ಹುಷಾರಿಲ್ಲ ಅಂದಿರಿ, ಏನೆಂದು ಬರೆಯಲಿಲ್ಲ. ಬಿಪಿ ಮಾತ್ರೆ ತಪ್ಪಿಸುತ್ತಿದ್ದೀರಾ? ನಿಮ್ಮ ಕಾಗದದಲ್ಲಿ ಗಾದೆಯೂ ಇಲ್ಲ, ಬೈಗುಳವೂ ಇಲ್ಲ. ಕಾಯಿಲೆ ದೊಡ್ಡದೇ ಇರಬೇಕು ಎಂದು ಗಾಬರಿಯಾಯಿತು.

ಕಣ ಮುಗಿಯಿತು ಕಾಕಾ. ಕಡಿಮೆ ಬಿದ್ದ ನಲವತ್ತರ ಜಾಗವನ್ನು ಒಂದು ಮೂಲೆಯಲ್ಲಿ ಖಾಲಿ ಬಿಟ್ಟಿದ್ದೇವೆ. ಇದು ಅಂಬರಾಯನ ಕೈಚಳಕ ಎಂದು ನನಗೆ ಗೊತ್ತು, ಅವನಿಗೆ ಬೇಜಾರಾದೀತೆಂದು ನೀವು ಮುಚ್ಚಿಡುತ್ತಿದ್ದೀರಿ. ಇರಲಿ. ಅಂಚುಗಳು ಎಷ್ಟು ನೇರವಾಗಿವೆಯೆಂದರೆ ಕಲ್ಲು ಕಲ್ಲಿನ ನಡುವೆ ಒಂದು ಕಾಫಿಬೀಜವೂ ಸಿಕ್ಕಿಕೊಳ್ಳುವುದಿಲ್ಲ. ಭೀಮಬಾಯಿಗೆ ಹೇಳಿ. ಮಧ್ಯಾಹ್ನ ಕಲ್ಲು ಬೆಚ್ಚಗಾಗಿರುತ್ತದೆ, ಸಂಜೆ ಇಬ್ಬನಿ ಇಳಿದರೂ ಬೀಜ ತೇವವಾಗುವುದಿಲ್ಲ. ಇಷ್ಟು ಸ್ವಚ್ಛ ಕಾಫಿ ಈ ಊರಲ್ಲಿ ಯಾರೂ ಕಂಡಿರಲಿಲ್ಲ.

ಪ್ರಮಿತಾ

~

ಶನಿವಾರಸಂತೆ
24-1-2005

ತೀರ್ಥರೂಪ ಕಾಕಾ ಅವರಿಗೆ ನಮಸ್ಕಾರಗಳು.

ತಪಾಸಣೆ ಮುಗಿಯಿತು. ಬಂದ ಹೆಣ್ಣುಮಗಳು ಎರಡು ದಿನ ತೋಟ ತೋಟ ಅಲೆದಳು. ಕೊಯ್ಯುವವರನ್ನು ಬದಿಗೆ ಕರೆದು ಕೂಲಿ ಕೇಳಿದಳು, ನೀರಿನ ಗುಂಡಿ ನೋಡಿದಳು. ಎಲ್ಲದಕ್ಕೂ ಒಪ್ಪಿಗೆ. ಕೊನೆಗೆ ಕಣದ ಮೇಲೆ ನಿಂತು, "ಈ ಕಲ್ಲು ತೆಗೆದವರು ಯಾರು?" ಅಂತ ಕೇಳಿದಳು. ಈವರೆಗೆ ಯಾರೂ ಕೇಳದ ಪ್ರಶ್ನೆ. ನಾನು ಖುಷಿಯಿಂದ ಖಂಡೆಪ್ಪನವರ ಕಥೆ ಹೇಳಿದೆ, ಒಂದೂವರೆ ಕೂಲಿಯನ್ನೂ ಹೇಳಿದೆ. ಅವಳು ಮೆಚ್ಚಿ ಬರೆದುಕೊಂಡಳು.

ಇನ್ನು ಒಂದೇ ಕಾಗದ ಬಾಕಿ. ಕಲ್ಲು ತೆಗೆಯುವಾಗ ಮಕ್ಕಳನ್ನು ದುಡಿಸಿಲ್ಲ, ಕೂಲಿ ಸರಿಯಾಗಿ ಸಂದಿದೆ, ಯಾರಿಗೂ ಅಪಾಯವಾಗಿಲ್ಲ ಎಂದು ಅಲ್ಲಿದ್ದ ಒಬ್ಬ ಗೌರವಸ್ಥರು ಸಹಿ ಮಾಡಬೇಕು. ನಿಮಗಿಂತ ಯಾರಿದ್ದಾರೆ? ನಾನೇ ತುಂಬಿ ಇದರೊಂದಿಗೆ ಇಟ್ಟಿದ್ದೇನೆ. ಸಹಿ ಮಾಡಿ ಫೆಬ್ರವರಿ ಕೊನೆಯೊಳಗೆ ಕಳಿಸಿ. ಅದು ಬಂದ ದಿನವೇ ಮುದ್ರೆ ನಮ್ಮದು.

ಪ್ರಮಿತಾ

~

ವಾಡಿ
11-2-2005

ಪ್ರಮಿತಾ,

ಸಹಿ ಮಾಡಲಾರೆ. ಖಂಡೆಪ್ಪ ಸತ್ತುಹೋಗಿದ್ದಾನೆ.

ಅಕ್ಟೋಬರ್ ಹದಿನಾಲ್ಕು, ಗುರುವಾರ. ನವಮಿಗೆ ಎಂಟು ದಿನ ಇತ್ತು. ಹಿಂದಿನ ದಿನ ಚಿತ್ತಿ ಮಳೆ ಹೊಡೆದಿತ್ತು. ಬೆಳಿಗ್ಗೆ ಬಿಸಿಲು ಬಿದ್ದಿದ್ದರಿಂದ ಇಳಿದರು. ಕಲ್ಲಿನ ಮೇಲೆ ಎರಡಾಳು ಎತ್ತರ ಕರಿಮಣ್ಣಿನ ದಂಡೆ ಇರುತ್ತದೆ, ಮಳೆ ನಿಂತು ತಿಂಗಳು ಬಿಸಿಲು ಕುಡಿದ ಮೇಲೆಯೇ ಅದು ಗಟ್ಟಿಯಾಗುವುದು. ಅವರ ಮುತ್ಯಾನಿಗೆ ಇದು ಗೊತ್ತಿತ್ತು. ಕಾರಣ ಹೇಳಿದರೆ ಜನ ವಾದಿಸುತ್ತಾರೆ, ದೇವರ ಹೆಸರು ಹೇಳಿದರೆ ಕೇಳುತ್ತಾರೆ ಎಂದು ನವಮಿಗೆ ಗಂಟು ಹಾಕಿಟ್ಟಿದ್ದ. ನಾನು ಅವಲಕ್ಕಿಯ ಕಥೆ ಹೇಳಿ ಆ ಗಂಟು ಬಿಚ್ಚಿದೆ. ಹತ್ತು ಗಂಟೆಗೆ ದಂಡೆ ಕುಸಿಯಿತು. ಉಳಿದವರು ಮೇಲೆ ಊಟದ ಗಂಟಿನ ಹತ್ತಿರ ಇದ್ದರು. ಅವನನ್ನು ತೆಗೆಯುವಾಗ ಮಧ್ಯಾಹ್ನ ಎರಡಾಗಿತ್ತು. ಕಡಿಮೆ ಬಿದ್ದ ನಲವತ್ತು ಫರ್ಸಿ ಈಗಲೂ ಆ ಮಣ್ಣಿನ ಕೆಳಗಿವೆ.

ಉಳಿದ ಕಲ್ಲನ್ನು ಕಳಿಸಲು ನನಗೆ ಮನಸ್ಸಿರಲಿಲ್ಲ. ಭೀಮಬಾಯಿ ಹದಿನೈದನೆಯ ದಿನ ಬಂದು ಅಂಚು ಕೆತ್ತಲು ಕುಳಿತಳು. "ಅವ ಎಬ್ಬಿಸಿದ ಕಲ್ಲು ಬಯಲಾಗ ಬಿದ್ದಿರಬಾರದ್ರಿ" ಅಂದಳು. ನೀನು ಹೊಗಳಿದ ಅಂಚು ಅದೇ.

ಇಷ್ಟೇ ಆಗಿದ್ದರೆ ದುಃಖ ಅನ್ನಬಹುದಿತ್ತು. ಇದಕ್ಕಿಂತ ಕೆಟ್ಟದ್ದನ್ನು ನಾನು ಮಾಡಿದ್ದೇನೆ. ಸುದ್ದಿ ಕೇಳಿ ನಾನೂ ಖಣಿಗೆ ಹೋಗಿದ್ದೆ. ಪೊಲೀಸರು ಬಂದಾಗ ಅಂಬರಾಯ ಹೇಳಿದ: ಖಂಡೆ ನವಮಿ ಆಗುವ ತನಕ ಖಣಿ ಬಂದಾಗಿರುತ್ತದೆ, ಇದು ಸೀಮೆಗೇ ಗೊತ್ತಿರುವ ಪದ್ಧತಿ, ಖಂಡೆಪ್ಪ ಪೂಜೆಗೆಂದು ಹಾರೆ ತರಲು ತಾನಾಗಿಯೇ ಇಳಿದಿದ್ದ, ಅವತ್ತು ಕೆಲಸವೇ ಇರಲಿಲ್ಲ. ಸಾಕ್ಷಿ ಯಾರು ಎಂದು ಕೇಳಿದರು. ಅಂಬರಾಯ ನನ್ನ ಕಡೆ ನೋಡಿದ. ಹೌದು ಅಂದೆ. ಸಹಿಯನ್ನೂ ಮಾಡಿದೆ. ಮೂವತ್ತೆಂಟು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದು ಕಲಿಸಿದ ಕೈ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ನಿನ್ನ ಕಂಪನಿಯ ಹೆಸರು ಬರಬಾರದು ಎಂದು ಹಾಗೆ ಮಾಡಿದೆ ಅಂತ ನನಗೆ ನಾನೇ ಹೇಳಿಕೊಂಡೆ. ನಿಜವೆಂದರೆ ಹೆದರಿದೆ.

ಕೆಲಸದ ಮೇಲೆ ಸತ್ತವನ ಮನೆಗೆ ಪರಿಹಾರ ಸಿಗುತ್ತದೆ. ಭೀಮಬಾಯಿಗೆ ಸಿಗಲಿಲ್ಲ, ಏಕೆಂದರೆ ಕಾಗದದ ಪ್ರಕಾರ ಅವನು ಕೆಲಸದ ಮೇಲೆ ಇರಲಿಲ್ಲ. ಅವಳು ಗುಲ್ಬರ್ಗಾದ ಕಾರ್ಮಿಕ ಅಧಿಕಾರಿಗೆ ಅರ್ಜಿ ಹಾಕಿದ್ದಾಳೆ. ಜೊತೆಗಿದ್ದ ನಾಲ್ವರಿಗೂ ಅಂಬರಾಯನ ಖಣಿಯೇ ಗತಿ, ಅವರು ಬಾಯಿ ಬಿಡುವುದಿಲ್ಲ.

ನಾನು ಹೋಗಿ ಹೇಳಿಕೆ ಬದಲಿಸುತ್ತೇನೆ. ಆದರೆ ಒಮ್ಮೆ ಹೀಗೆ, ಒಮ್ಮೆ ಹಾಗೆ ಹೇಳುವ ಮುದುಕನನ್ನು ಯಾರು ನಂಬುತ್ತಾರೆ? ನವಮಿಗೆ ಮೊದಲೇ ಕೆಲಸ ನಡೆದಿತ್ತು ಅನ್ನಲು ಬರವಣಿಗೆಯಲ್ಲಿರುವ ಸಾಕ್ಷಿ ಒಂದೇ, ಸೆಪ್ಟೆಂಬರ್ ಆರರ ನಿನ್ನ ಕಾಗದ. ಕಂಪನಿಯ ಹೆಸರು, ತಾರೀಖು, ಈಗಲೇ ಇಳಿಯಲು ಹೇಳಿ ಎಂಬ ಮಾತು, ಎಲ್ಲ ಅದರಲ್ಲಿದೆ. ಅದನ್ನು ಕೊಟ್ಟರೆ ನಿನ್ನ ಮುದ್ರೆ ಹೋಗುತ್ತದೆ. ಮೂವತ್ತನಾಲ್ಕು ಮನೆಯವರ ಮಾತನ್ನು ನೀನು ಬರೆದದ್ದು ಮರೆತಿಲ್ಲ. ಆದ್ದರಿಂದ ನಿನ್ನನ್ನು ಕೇಳದೆ ಕೊಡಲಾರೆ. ಕೊಡಲೇ?

ವೆಂಕಟೇಶ

~

ಶನಿವಾರಸಂತೆ
21-3-2005

ಕಾಕಾ,

ಐದು ವಾರ ಉತ್ತರಿಸಲಿಲ್ಲ. ನೀವು ನಿಮ್ಮದನ್ನು ಮುಚ್ಚಿಡದೆ ಬರೆದಿದ್ದೀರಿ, ನಾನೂ ಬರೆಯುತ್ತೇನೆ. ಮೊದಲ ವಾರ ಅತ್ತೆ. ಎರಡನೆಯ ವಾರ ಆ ಕಾಗದವನ್ನು ಹರಿದುಹಾಕಿ ಎಂದು ನಿಮಗೆ ಬರೆದೆ. ಭೀಮಬಾಯಿಗೆ ಪರಿಹಾರದ ಎರಡರಷ್ಟು ಹಣ ಕಂಪನಿಯಿಂದ ಗುಟ್ಟಾಗಿ ಕಳಿಸೋಣ, ಯಾರಿಗೂ ನಷ್ಟವಿಲ್ಲ ಎಂದೂ ಬರೆದೆ. ಲಕೋಟೆಗೆ ಅಂಟು ಹಚ್ಚಿ, ಅಂಚೆಪೆಟ್ಟಿಗೆಯವರೆಗೆ ಹೋಗಿ ಬಂದೆ. ಆ ಲಕೋಟೆ ಒಂಬತ್ತು ದಿನ ನನ್ನ ಚೀಲದಲ್ಲಿತ್ತು.

ಮುದ್ರೆಯವರಿಗೆ ಕೊಡಬೇಕಾದ ಕಾಗದ ತಡವಾಯಿತೆಂದು ಬೆಳೆಗಾರರು ಕೇಳತೊಡಗಿದರು. ಎಂಟು ದಿನದ ಹಿಂದೆ, ಭಾನುವಾರ, ಎಲ್ಲರನ್ನೂ ಕಣದ ಹತ್ತಿರ ಕರೆದು ಹೇಳಿಬಿಟ್ಟೆ. ಯಾರೂ ಕೂಡಲೇ ಧರ್ಮರಾಯರಾಗಲಿಲ್ಲ. "ಸತ್ತವನು ಎದ್ದು ಬರುವುದಿಲ್ಲ, ಬದುಕಿದವರನ್ನು ನೋಡಿ ಮೇಡಂ" ಅಂದರು. "ಅದು ಖಣಿಯವನ ತಪ್ಪು, ನಮ್ಮ ಕಾಫಿಗೂ ಅದಕ್ಕೂ ಏನು ಸಂಬಂಧ?" ಅಂದರು. ನನಗೂ ಅದನ್ನೇ ಕೇಳಬೇಕೆಂಬ ಆಸೆ ಇತ್ತು ಕಾಕಾ. ಗುಟ್ಟಾಗಿ ಹಣ ಕಳಿಸುವ ಮಾತಿಗೆ ಬಹಳ ಜನ ತಲೆಯಾಡಿಸಿದರು.

ಜಾನಬಿ ಕೊನೆಗೆ ಎದ್ದಳು. "ಆ ಹೆಂಗಸಿಗೆ, ನಿನ್ನ ಗಂಡ ಅವತ್ತು ಕೆಲಸಕ್ಕೇ ಹೋಗಿರಲಿಲ್ಲ ಅಂತ ಹೇಳ್ತಿದ್ದೀರಿ. ಕೆಲಸಕ್ಕೆ ಹೋಗದಿದ್ದರೆ ಈ ಕಲ್ಲು ಎಲ್ಲಿಂದ ಬಂತು?" ಅಂದಳು. ದೀಪದ ಬುಡದಲ್ಲಿ ಕತ್ತಲು ಅನ್ನುತ್ತಾರಲ್ಲ, ನಾನು ಮೂರು ವರ್ಷ ಹೊಳೆಯ ಮೀನಿಗೂ ನ್ಯಾಯ ಕೇಳಿದವಳು, ನಮ್ಮೂರ ಕಡೆಯ ಖಣಿಗೆ ಒಂದು ಸಲ ಬಂದು ನೋಡಲಿಲ್ಲ. ಕೂಲಿ ಹೆಚ್ಚು ಕೊಟ್ಟರೆ ಸಾಕು ಅಂದುಕೊಂಡೆ.

ಕೈ ಎತ್ತಿಸಿದಾಗ ಹತ್ತೊಂಬತ್ತು ಮಂದಿ ನಿಜ ಹೇಳೋಣ ಅಂದರು, ಹದಿನೈದು ಮಂದಿ ಎದ್ದು ಹೋದರು. ಅವರಲ್ಲಿ ಹನ್ನೊಂದು ಜನ ಈಗಾಗಲೇ ದಲ್ಲಾಳಿಗೆ ಕಾಫಿ ಹಾಕಿದ್ದಾರೆ. ಅವರನ್ನು ನಾನು ದೂರುವುದಿಲ್ಲ. ಆದದ್ದನ್ನೆಲ್ಲ ಮುದ್ರೆಯವರಿಗೆ ಮೊನ್ನೆಯೇ ಬರೆದು ಹಾಕಿದೆ. ಮುದ್ರೆ ಈ ವರ್ಷ ಸಿಗುವುದಿಲ್ಲ, ಮುಂದೆಯೂ ಖಾತ್ರಿಯಿಲ್ಲ.

ನನ್ನ ಕಾಗದ ಕೊಡಿ. ಹಾರೆ ಮುನಿಸಿಕೊಳ್ಳುವುದಿಲ್ಲ ಅನ್ನುವ ಆ ಸಾಲನ್ನು ಎಲ್ಲರೂ ಓದುತ್ತಾರೆ ಎಂದು ಗೊತ್ತು. ಓದಲಿ. ನಾನೂ ಬಂದು ಅಧಿಕಾರಿಯ ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ಭೀಮಬಾಯಿಯವರ ಮನೆಗೆ ಹೋಗಿ ಅವರ ಕಾಲು ಹಿಡಿಯಬೇಕು. ಕೇಳಿ ನೋಡುತ್ತೀರಾ?

ಪ್ರಮಿತಾ

~

ವಾಡಿ
18-4-2005

ಚಿ. ಪ್ರಮಿತಾಳಿಗೆ ಆಶೀರ್ವಾದಗಳು.

ನಿನ್ನ ಕಾಗದವನ್ನೂ ನನ್ನ ಹೊಸ ಹೇಳಿಕೆಯನ್ನೂ ಅಧಿಕಾರಿಗೆ ಒಪ್ಪಿಸಿದೆ. ನನ್ನ ಹಳೆಯ ಸಹಿಯನ್ನು ಮುಂದಿಟ್ಟು, "ಇದು ನಿಮ್ಮದೇನ್ರಿ?" ಅಂತ ಕೇಳಿದರು. ನನ್ನದೇ ಅಂದೆ. ಸುಳ್ಳು ಸಾಕ್ಷಿಗೆ ನನ್ನ ಮೇಲೆ ಏನಾಗಬೇಕೋ ಅದು ಬೇರೆ ಆಗುತ್ತದಂತೆ. ಆಗಲಿ. ಅಂಬರಾಯ ದಾರಿಯಲ್ಲಿ ಸಿಕ್ಕರೆ ಮುಖ ತಿರುಗಿಸುತ್ತಾನೆ. ನಾಲ್ವರಲ್ಲಿ ಒಬ್ಬ, ಭಗವಂತ ಎಂಬ ಹುಡುಗ, ನಾನೂ ಬರುತ್ತೇನೆ ಎಂದು ಹೇಳಿ ಕಳಿಸಿದ್ದಾನೆ. ವಿಚಾರಣೆ ಮೇ ಒಂಬತ್ತು, ಸೋಮವಾರ. ನಿನ್ನ ಕಾಗದದ ಬಲದ ಮೇಲೆ ಪರಿಹಾರ ಸಿಕ್ಕೇ ಸಿಗುತ್ತದೆ ಎಂದು ವಕೀಲರು ಅನ್ನುತ್ತಾರೆ. ನೀನು ಖುದ್ದಾಗಿ ಇರಬೇಕು.

ಭೀಮಬಾಯಿಯ ಮನೆಗೆ ಹೋಗಿದ್ದೆ. ಜೋಳ ಕೇರುತ್ತಿದ್ದಳು, ಕೈ ನಿಲ್ಲಿಸಲಿಲ್ಲ, ಕುಂದ್ರಿ ಅನ್ನಲಿಲ್ಲ. ನಾನು ನಿಂತೇ ಎಲ್ಲ ಹೇಳಿದೆ. ನೀನು ಮುದ್ರೆ ಬಿಟ್ಟದ್ದು, ನಿನ್ನ ಜನ ಒಡೆದುಹೋದದ್ದು, ಅವಳ ಮನೆಗೆ ಬಂದು ಕಾಲು ಹಿಡಿಯುವ ನಿನ್ನ ಮಾತು. ಅವಳು ಎಲ್ಲ ಕೇಳಿದಳು. ಆಮೇಲೆ ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆಯುತ್ತೇನೆ, ನಿನ್ನಿಂದ ಇನ್ನು ಏನನ್ನೂ ಬಚ್ಚಿಡುವುದಿಲ್ಲ.

"ಅಕ್ಕೋರು ಕೂಲಿ ಕಮ್ಮಿ ಕೊಟ್ಟಿದ್ರ ಅವ ಇಳೀತಿದ್ದಿಲ್ರಿ. ನಾ ಬ್ಯಾಡ ಅಂದಿದ್ದೆ. ನಮ್ಮನ್ನ ಮನಷ್ಯಾರಂತ ಕೇಳ್ಯಾರ, ಅವರ ಮಾತು ಹೆಂಗ ಮುರೀಲಿ ಅಂದ. ಆ ಮಾತಿಗಿ ಸತ್ತ. ಸಾಹೇಬ್ರ ಮುಂದ ಖರೇ ಹೇಳಿ ಹೋಗ್ಲಿ, ಅದು ನನಗ ಬೇಕ್ರಿ. ನಮ್ಮನಿಗಿ ಬರೋದು ಬ್ಯಾಡ."

ನಾನು ಹೊರಡುವಾಗಲೂ ಅವಳು ತಲೆ ಎತ್ತಲಿಲ್ಲ.

ಬೆಂಗಳೂರಿನ ಗಾಡಿ ವಾಡಿಗೆ ಬೆಳಗಿನ ಜಾವ ಬರುತ್ತದೆ. ನೀನು ಅದರಲ್ಲೇ ಕುಳಿತಿರು, ಇಳಿಯಬೇಡ. ನಾನು ಇಲ್ಲಿ ಹತ್ತಿಕೊಳ್ಳುತ್ತೇನೆ, ಹಾಗೆಯೇ ಗುಲ್ಬರ್ಗಾಕ್ಕೆ ಹೋಗೋಣ. ಭೀಮಬಾಯಿಯೂ ಅದೇ ಗಾಡಿಗೆ ಬರುತ್ತಾಳೆ. ನಮ್ಮ ಡಬ್ಬಿಯಲ್ಲಿ ಹತ್ತುವುದಿಲ್ಲ ಎಂದು ಮೊದಲೇ ಹೇಳಿದ್ದಾಳೆ. ಸ್ಟೇಷನ್ನಿನಲ್ಲಿ ಅವಳು ಕಂಡರೆ ಎದ್ದು ಹೋಗಿ ಮಾತಾಡಿಸಬೇಡ.

ಕಾಕಾ